ವಸತಿ ನಿಲಯದ ವಿದ್ಯಾರ್ಥಿಗಳಿಗೆ ಹಿತಕರವಾದ ಉಪಾಹಾರಗಳು

ಪದವಿಪೂರ್ವ, ಪದವಿ ಹಾಗೂ ವೃತ್ತಿಶಿಕ್ಷಣಕ್ಕಾಗಿ ಹುಟ್ಟೂರನ್ನು ತೊರೆದು ವಸತಿ ನಿಲಯಗಳಲ್ಲಿ ನೆಲೆಸಿರುವ ಮಕ್ಕಳ ಆಹಾರದ ಬಗ್ಗೆ ಪಾಲಕರ ಮನಸ್ಸಿನಲ್ಲಿ ಸದಾ ಒಂದು ಕಳವಳವಿರುತ್ತದೆ. ಮುಂಜಾನೆಯ ಉಪಾಹಾರ, ಮಧ್ಯಾಹ್ನ ಮತ್ತು ರಾತ್ರಿಯ ಪ್ರಸಾದವನ್ನು ನಿಲಯದವರು ನೋಡಿಕೊಳ್ಳುತ್ತಾರೆ. ಆದರೆ ಊಟ ಊಟಗಳ ನಡುವೆ ಏಳುವ ಹಸಿವಿಗೆ ಉತ್ತರ ಕೊಡುವವರು ಯಾರು? ಅನೇಕ ಕಡೆ ಅದನ್ನು ನಿಲಯದ ಎದುರಿನ ಅಂಗಡಿಯ ಪೊಟ್ಟಣಗಳೂ, ರಸ್ತೆಬದಿಯ ಬಾಣಲೆಗಳೂ ಕೊಡುತ್ತಿವೆ. ಈ ನಡುಹೊತ್ತಿನ ತಿನಿಸು ಹೇಗಿರಬೇಕು, ಯಾವುದನ್ನು ಎಷ್ಟು ತಿನ್ನಬೇಕು, ಹೇಗೆ ಕಾಪಿಟ್ಟುಕೊಳ್ಳಬೇಕು ಎಂಬ ವಿವರಗಳನ್ನು ವಿದ್ಯಾರ್ಥಿಗಳು, ಪಾಲಕರು ಮತ್ತು ನಿಲಯಪಾಲಕರು ಮೂವರಿಗೂ ಉಪಯೋಗವಾಗಲೆಂದು ಇಲ್ಲಿ ಒಂದೆಡೆ ಸಂಗ್ರಹಿಸಲಾಗಿದೆ.

ಹಸಿದ ಮಗುವಿಗೆ ಪಾಠ ಹತ್ತುವುದಿಲ್ಲ ಎಂಬುದನ್ನು ನಾಡಿನ ಮಠಗಳು ಬಹಳ ಹಿಂದೆಯೇ ಅರಿತಿದ್ದವು. ಧಾರವಾಡದ ಮುರುಘಾಮಠ, ತುಮಕೂರಿನ ಸಿದ್ಧಗಂಗಾ ಮಠ, ಸುತ್ತೂರು ಮಠ ಮೊದಲಾದೆಡೆ ಪ್ರಸಾದ ನಿಲಯಗಳು ಬೆಳೆದುಬಂದದ್ದು ಈ ಅರಿವಿನಿಂದಲೇ. ಸಿದ್ಧಗಂಗೆಯ ಡಾ. ಶಿವಕುಮಾರ ಮಹಾಸ್ವಾಮಿಗಳು (1907–2019) ಅನ್ನ, ಅಕ್ಷರ, ಆಶ್ರಯಗಳನ್ನು ಒಂದೇ ಸೇವೆಯ ಮೂರು ಮುಖಗಳೆಂದು ಕಂಡು ನಡೆಸಿದರು. ಓದು ವಿದ್ಯಾರ್ಥಿಯ ಕಾಯಕ. ಆ ಕಾಯಕ ಸಾಗುವುದು ಕಾಯದ ಬಲದಿಂದ. ಆದ್ದರಿಂದ ತಿನಿಸಿನ ವಿಚಾರವನ್ನು ಕ್ಷುಲ್ಲಕವೆಂದು ಬದಿಗಿರಿಸಲಾಗದು.

ಹಸಿವಿನ ಎರಡು ಹೊತ್ತುಗಳು

ಬಹುತೇಕ ನಿಲಯಗಳಲ್ಲಿ ಬೆಳಿಗ್ಗೆ 8 ಗಂಟೆಯ ಸುಮಾರಿಗೆ ಉಪಾಹಾರ, ಮಧ್ಯಾಹ್ನ 1 ಗಂಟೆಗೆ ಊಟ, ರಾತ್ರಿ 8 ಗಂಟೆಗೆ ಊಟ ನಡೆಯುತ್ತದೆ. ಇದನ್ನು ಲೆಕ್ಕ ಹಾಕಿ ನೋಡಿದರೆ ಮಧ್ಯಾಹ್ನದಿಂದ ರಾತ್ರಿಯವರೆಗೆ 7 ಗಂಟೆ, ರಾತ್ರಿಯಿಂದ ಮರುದಿನ ಬೆಳಗಿನವರೆಗೆ 12 ಗಂಟೆಗಳ ಅಂತರ ಕಾಣುತ್ತದೆ. ಮನೆಯಲ್ಲಿ ಬೇಗ ಮಲಗುವ ಮಕ್ಕಳಿಗೆ ಎರಡನೆಯ ಅಂತರ ತಿಳಿಯುವುದೇ ಇಲ್ಲ. ರಾತ್ರಿ 12ರವರೆಗೆ ಓದುವ ವಿದ್ಯಾರ್ಥಿಗೆ ಮಾತ್ರ 10 ಗಂಟೆಯ ಹೊತ್ತಿಗೆ ಹೊಟ್ಟೆ ಕರೆಯತೊಡಗುತ್ತದೆ.

ಹೀಗಾಗಿ ದಿನಕ್ಕೆ ಎರಡು ಸಲ ಅಲ್ಪಾಹಾರಕ್ಕೆ ಅವಕಾಶವಿರಲಿ. ಮೊದಲನೆಯದು ಸಂಜೆ 4.30ರಿಂದ 5.30ರೊಳಗೆ, ತರಗತಿ ಮುಗಿಸಿ ಬಂದಾಗ. ಇದು ತುಸು ತುಂಬಿದ ತಿನಿಸಾಗಿರಬಹುದು. ಎರಡನೆಯದು ರಾತ್ರಿ 10ರ ಆಸುಪಾಸಿನಲ್ಲಿ, ಇದು ಹಗುರವಾಗಿರಬೇಕು. ಒಂದು ಹಣ್ಣು, ಒಂದು ಲೋಟ ಹಾಲು ಅಥವಾ ಒಂದು ಹಿಡಿ ಪುಟಾಣಿ ಸಾಕು. ಮಲಗುವ ಮುನ್ನ ಕರಿದ, ಖಾರದ ಪದಾರ್ಥಗಳನ್ನು ತಿಂದರೆ ಎದೆಯುರಿ, ನಿದ್ರಾಭಂಗ ಉಂಟಾಗುತ್ತವೆ. ಬೆಳಗಿನ ಉಪಾಹಾರಕ್ಕೆ ಹಸಿವೂ ಇರದು.

ಅಲ್ಪಾಹಾರ ಊಟದ ಜಾಗವನ್ನು ಕಸಿಯಬಾರದು ಎಂಬುದು ಇಲ್ಲಿ ಮೊದಲ ನಿಯಮ. ಸಂಜೆ ಅಂಗಡಿಯಲ್ಲಿ ಹೊಟ್ಟೆ ತುಂಬಿಸಿಕೊಂಡು ರಾತ್ರಿಯ ಪಂಕ್ತಿಯನ್ನು ತಪ್ಪಿಸುವ ಅಭ್ಯಾಸ ಬೆಳೆದರೆ ಹಣವೂ ಹೋಗುತ್ತದೆ, ಪೋಷಣೆಯೂ ಹೋಗುತ್ತದೆ, ಬಡಿಸಲೆಂದು ಬೇಯಿಸಿದ ಪ್ರಸಾದವೂ ವ್ಯರ್ಥವಾಗುತ್ತದೆ.

ದೇಹಕ್ಕೆ ಬೇಕಾದುದೆಷ್ಟು?

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹಾಗೂ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಪ್ರಕಟಿಸಿದ ಶಿಫಾರಸಿನ ಪ್ರಕಾರ ವಯಸ್ಕ ಪುರುಷರಿಗೆ ದಿನಕ್ಕೆ ಸುಮಾರು 54 ಗ್ರಾಂ, ಮಹಿಳೆಯರಿಗೆ ಸುಮಾರು 46 ಗ್ರಾಂ ಪ್ರೋಟೀನ್ ಬೇಕು. ಕಬ್ಬಿಣಾಂಶ ಪುರುಷರಿಗೆ 19 ಮಿ.ಗ್ರಾಂ, ಮಹಿಳೆಯರಿಗೆ 29 ಮಿ.ಗ್ರಾಂ, ಕ್ಯಾಲ್ಸಿಯಂ ಇಬ್ಬರಿಗೂ 1,000 ಮಿ.ಗ್ರಾಂ. ನಿಲಯದ ಊಟದಲ್ಲಿ ಅನ್ನದ ಪಾಲು ಹೆಚ್ಚಾಗಿ, ಬೇಳೆ, ಕಾಳು, ಸೊಪ್ಪುಗಳ ಪಾಲು ಕಡಿಮೆಯಾಗುವುದು ಸಾಮಾನ್ಯ. ಆ ಕೊರತೆಯನ್ನು ಸ್ವಲ್ಪಮಟ್ಟಿಗೆ ತುಂಬಿಕೊಡುವ ಸಾಮರ್ಥ್ಯ ಸರಿಯಾದ ಅಲ್ಪಾಹಾರಕ್ಕಿದೆ.

ಉಪ್ಪು ಮತ್ತು ಸಕ್ಕರೆಗಳಿಗೆ ಮಿತಿ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಂತೆ ಒಬ್ಬ ವಯಸ್ಕ ವ್ಯಕ್ತಿ ದಿನವೊಂದಕ್ಕೆ ಸೇವಿಸುವ ಉಪ್ಪು 5 ಗ್ರಾಂಗಿಂತ ಕಡಿಮೆ ಇರಬೇಕು. ಅಂದರೆ ಒಂದು ಚಹಾ ಚಮಚಕ್ಕಿಂತ ಕಡಿಮೆ. ಹೊರಗಿನಿಂದ ಬೆರೆಸಿದ ಸಕ್ಕರೆ 25 ಗ್ರಾಂ ಮೀರದಿರುವುದು ಉತ್ತಮ. ಊಟದಲ್ಲಿನ ಸಾರು, ಪಲ್ಯ, ಉಪ್ಪಿನಕಾಯಿಗಳೇ ಉಪ್ಪಿನ ಪಾಲನ್ನು ಬಹುಮಟ್ಟಿಗೆ ಮುಗಿಸಿರುತ್ತವೆ ಎಂಬುದನ್ನು ನೆನಪಿಡಬೇಕು.

ಡಬ್ಬಿಯಲ್ಲಿಟ್ಟುಕೊಳ್ಳಬಹುದಾದ ತಿನಿಸುಗಳು

ಒಲೆ, ಶೀತಕಪಾಟು ಎರಡೂ ಇಲ್ಲದ ಕೋಣೆಯಲ್ಲಿ ವಾರಗಟ್ಟಲೆ ಕೆಡದೆ ಉಳಿಯುವ ಪದಾರ್ಥಗಳು ನಮ್ಮ ನಾಡಿನ ಅಡುಗೆಮನೆಯಲ್ಲಿ ಬೇಕಾದಷ್ಟಿವೆ.

ಶೇಂಗಾ: ದಕ್ಷಿಣದವರು ಕಡಲೆಕಾಯಿ ಬೀಜ ಎನ್ನುವ ಇದರ 100 ಗ್ರಾಂನಲ್ಲಿ ಸುಮಾರು 25 ಗ್ರಾಂ ಪ್ರೋಟೀನ್ ಇದೆ. ಎಣ್ಣೆಯ ಅಂಶ ಹೆಚ್ಚಿರುವುದರಿಂದ ಒಂದು ಹಿಡಿ, ಅಂದರೆ 30 ಗ್ರಾಂ ಸಾಕು. ಅಷ್ಟರಿಂದಲೇ ಸುಮಾರು 170 ಕಿಲೋ ಕ್ಯಾಲರಿ ಶಕ್ತಿ ದೊರೆಯುತ್ತದೆ. ಎಣ್ಣೆಯಲ್ಲಿ ಕರಿದುದಕ್ಕಿಂತ ಮರಳಿನಲ್ಲಿಯೋ ಬಾಣಲೆಯಲ್ಲಿಯೋ ಹುರಿದದ್ದು ಮೇಲು. ಬೂಷ್ಟು ಹಿಡಿದ, ಬಣ್ಣಗೆಟ್ಟ, ಕಹಿಯಾದ ಬೀಜಗಳನ್ನು ಎಂದಿಗೂ ತಿನ್ನಬಾರದು. ಅವುಗಳಲ್ಲಿ ಬೆಳೆಯುವ ಶಿಲೀಂಧ್ರದಿಂದ ಯಕೃತ್ತಿಗೆ ಹಾನಿಕರವಾದ ಅಫ್ಲಾಟಾಕ್ಸಿನ್ ಎಂಬ ವಿಷ ಉತ್ಪತ್ತಿಯಾಗುತ್ತದೆ. ಹುರಿದರೂ ಅದು ಪೂರ್ತಿ ನಾಶವಾಗದು. ಶೇಂಗಾ ಕೆಲವರಿಗೆ ಒಗ್ಗುವುದಿಲ್ಲ. ತಿಂದ ಕೂಡಲೇ ತುಟಿ ಊದುವುದು, ಮೈ ಕಡಿತ, ಉಸಿರಾಟದ ತೊಂದರೆ ಕಂಡರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ಪುಟಾಣಿ: ಹುರಿಗಡಲೆ ಎಂದೂ ಹೆಸರುಳ್ಳ ಇದರಲ್ಲಿ 100 ಗ್ರಾಂಗೆ ಸುಮಾರು 22 ಗ್ರಾಂ ಪ್ರೋಟೀನ್ ಇದ್ದು, ಕೊಬ್ಬು ತೀರ ಕಡಿಮೆ. ಸಿಪ್ಪೆಸಹಿತವಾದ ಹುರಿದ ಕಡಲೆಯಲ್ಲಿ ನಾರಿನಂಶ ಇನ್ನೂ ಹೆಚ್ಚು. ಒಂದು ಹಿಡಿ ಶೇಂಗಾ, ಒಂದು ಹಿಡಿ ಪುಟಾಣಿ ಕೂಡಿದರೆ ಸುಮಾರು 14 ಗ್ರಾಂ ಪ್ರೋಟೀನ್ ಆಗುತ್ತದೆ. ಇದು ವಿದ್ಯಾರ್ಥಿನಿಯೊಬ್ಬಳ ದಿನದ ಅಗತ್ಯದಲ್ಲಿ ಮೂರನೇ ಒಂದು ಭಾಗಕ್ಕೆ ಸಮೀಪ. ಇಷ್ಟು ಅಗ್ಗದಲ್ಲಿ ಇಷ್ಟು ಪೋಷಣೆ ಕೊಡುವ ಪೊಟ್ಟಣದ ತಿನಿಸು ಸಿಗುವುದು ದುರ್ಲಭ.

ಮಂಡಕ್ಕಿ: ಚುರುಮುರಿ, ಪುರಿ ಎಂದೂ ಕರೆಯಲಾಗುವ ಮಂಡಕ್ಕಿಗೆ ದಾವಣಗೆರೆ ಹೆಸರುವಾಸಿ. ಹಗುರವಾದ ಇದನ್ನು ಬರಿದೇ ತಿಂದರೆ ಹಸಿವು ಬೇಗ ಮರುಕಳಿಸುತ್ತದೆ. 30 ಗ್ರಾಂ ಮಂಡಕ್ಕಿಗೆ 20 ಗ್ರಾಂ ಪುಟಾಣಿ, 20 ಗ್ರಾಂ ಹುರಿದ ಶೇಂಗಾ, ಹೆಚ್ಚಿದ ಉಳ್ಳಾಗಡ್ಡಿ, ಟೊಮೆಟೊ, ಕೊತ್ತಂಬರಿ, ಒಂದಿಷ್ಟು ಚಟ್ನಿಪುಡಿ ಹಾಗೂ ನಿಂಬೆರಸ ಸೇರಿಸಿದರೆ 11 ಗ್ರಾಂಗೂ ಮಿಕ್ಕಿ ಪ್ರೋಟೀನ್ ಇರುವ ಸಂಜೆಯ ಉಪಾಹಾರ ಐದು ನಿಮಿಷದಲ್ಲಿ ಸಿದ್ಧ. ಹೋಲಿಕೆಗೆ ಹೇಳುವುದಾದರೆ, 25 ಗ್ರಾಂ ಆಲೂಗಡ್ಡೆ ಚಿಪ್ಸಿನಲ್ಲಿ ಪ್ರೋಟೀನ್ 2 ಗ್ರಾಂ ದಾಟುವುದಿಲ್ಲ. ಕೊಬ್ಬು ಮಾತ್ರ 8 ಗ್ರಾಂ ಆಸುಪಾಸು ಇರುತ್ತದೆ.

ಅವಲಕ್ಕಿ: ತೆಳು ಅವಲಕ್ಕಿಯನ್ನು ನೆನೆಸುವ ಅಗತ್ಯವಿಲ್ಲ. ಹಾಲು, ಮೊಸರು ಅಥವಾ ಮಜ್ಜಿಗೆ ಬೆರೆಸಿದರೆ ಕೂಡಲೇ ಮೆತ್ತಗಾಗುತ್ತದೆ. ದಪ್ಪ ಅವಲಕ್ಕಿಯನ್ನು ತೊಳೆದು ಹತ್ತು ನಿಮಿಷ ಬಿಟ್ಟರೆ ಸಾಕು. ಕೊಬ್ಬರಿ ತುರಿ, ಬೆಲ್ಲ, ಬಾಳೆಹಣ್ಣು ಸೇರಿಸಿ ಸಿಹಿಯಾಗಿಯೂ, ಮೆಂತ್ಯ ಹಿಟ್ಟು, ಚಟ್ನಿಪುಡಿ ಸೇರಿಸಿ ಖಾರವಾಗಿಯೂ ತಿನ್ನಬಹುದು.

ಖಡಕ್ ರೊಟ್ಟಿ ಮತ್ತು ಚಟ್ನಿಪುಡಿ: ಕಲಬುರಗಿ, ವಿಜಯಪುರ, ಬಾಗಲಕೋಟೆ ಸೀಮೆಯ ಜೋಳದ ಖಡಕ್ ರೊಟ್ಟಿ ಗಾಳಿಯಾಡದ ಡಬ್ಬಿಯಲ್ಲಿ ಹಲವು ವಾರ ಉಳಿಯುತ್ತದೆ. ಜೋಳದಲ್ಲಿ 100 ಗ್ರಾಂಗೆ ಸುಮಾರು 10 ಗ್ರಾಂ ಪ್ರೋಟೀನ್ ಇದ್ದು ನಾರಿನಂಶವೂ ಚೆನ್ನಾಗಿದೆ. ನಿಧಾನವಾಗಿ ಜೀರ್ಣವಾಗುವುದರಿಂದ ಹೊಟ್ಟೆ ಬಹುಕಾಲ ತಾಳುತ್ತದೆ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯೂ ಇದೇ ಬಗೆಯದು. ಇವುಗಳ ಜೊತೆಗೆ ಶೇಂಗಾ, ಗುರೆಳ್ಳು, ಅಗಸಿ ಚಟ್ನಿಪುಡಿಗಳಲ್ಲಿ ಒಂದಿರಲಿ. ಚಟ್ನಿಪುಡಿಯನ್ನು ಬರಿಯ ರುಚಿಗೆಂದು ಭಾವಿಸುವವರುಂಟು. ವಾಸ್ತವವಾಗಿ ಅದು ಎಣ್ಣೆಕಾಳುಗಳ ಸಾರ. ಮನೆಯಲ್ಲಿ ಕುಟ್ಟುವಾಗ ಉಪ್ಪು, ಖಾರ ಹಿತವಾಗಿರುವಂತೆ ನೋಡಿಕೊಂಡರೆ ಸಾಕು. ಮೊಸರಿನೊಡನೆ ಕಲಸಿಕೊಂಡರೆ ಉಪಾಹಾರ ಪರಿಪೂರ್ಣ.

ರಾಗಿ ಹುರಿಹಿಟ್ಟು: ರಾಗಿಯನ್ನು ಅರಳಿಸಿ ಬೀಸಿದ ಈ ಹಿಟ್ಟಿಗೆ ಮತ್ತೆ ಬೇಯಿಸುವ ಕೆಲಸವಿಲ್ಲ. ಹಾಲು, ಬೆಲ್ಲ ಬೆರೆಸಿ ಉಂಡೆ ಕಟ್ಟಬಹುದು. ಮಜ್ಜಿಗೆಯಲ್ಲಿ ಕದಡಿ ಕುಡಿಯಲೂಬಹುದು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿ.ಗ್ರಾಂ ಕ್ಯಾಲ್ಸಿಯಂ ಇದೆ; ಅಕ್ಕಿ, ಗೋಧಿಗಳಲ್ಲಿ ಇದರ ಸಣ್ಣ ಪಾಲು ಮಾತ್ರ ಇದೆ. 2023ನ್ನು ವಿಶ್ವಸಂಸ್ಥೆ ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿದಾಗ ಜಗತ್ತು ಗಮನಿಸಿದ ಈ ಧಾನ್ಯಗಳು ನಮ್ಮ ಅಜ್ಜ ಅಜ್ಜಿಯರ ನಿತ್ಯದ ಊಟವಾಗಿದ್ದವು.

ಉಂಡೆಗಳು: ಶೇಂಗಾ ಉಂಡೆ, ಎಳ್ಳುಂಡೆ, ತಂಬಿಟ್ಟು, ಅಂಟಿನುಂಡೆ, ಚಿಕ್ಕಿ ಇವೆಲ್ಲ ಶಕ್ತಿಯ ಸಣ್ಣ ಗಂಟುಗಳು. ಎಳ್ಳಿನಲ್ಲಿ ಕ್ಯಾಲ್ಸಿಯಂ ವಿಪುಲವಾಗಿದೆ. ಗೋಕಾಕ ಹಾಗೂ ಅಮೀನಗಡದ ಕರದಂಟಿನಲ್ಲಿ ಅಂಟು, ಒಣಹಣ್ಣು, ಕೊಬ್ಬರಿ, ಬೆಲ್ಲಗಳ ಪುಷ್ಟಿಯಿದೆ. ಆದರೆ ಒಂದು ಮಾತು: ಬೆಲ್ಲವೂ ಸಕ್ಕರೆಯ ಬಳಗದ್ದೇ. ಸಕ್ಕರೆಗಿಂತ ಖನಿಜಾಂಶ ತುಸು ಹೆಚ್ಚಿದ್ದರೂ ಅತಿಯಾಗಿ ತಿನ್ನಲು ಅದು ಪರವಾನಗಿಯಲ್ಲ. ದಿನಕ್ಕೆ ಒಂದು ಉಂಡೆ ಸಾಕು.

ಒಲೆಯಿಲ್ಲದೆ ಮಾಡಿಕೊಳ್ಳಬಹುದಾದವು

ಕೋಣೆಯಲ್ಲಿ ವಿದ್ಯುತ್ ಸುರುಳಿ ಒಲೆ, ನೀರು ಕಾಯಿಸುವ ರಾಡು ಬಳಸುವುದನ್ನು ನಿಲಯಗಳು ನಿಷೇಧಿಸಿರುವುದು ಸಕಾರಣವಾಗಿ. ಹಾಸಿಗೆ, ಪುಸ್ತಕ, ಬಟ್ಟೆಗಳ ನಡುವೆ ಒಂದು ಕಿಡಿ ಸಾಕು, ಅನಾಹುತಕ್ಕೆ. ನೂಡಲ್ಸಿನ ಆಸೆಗಾಗಿ ಈ ನಿಯಮವನ್ನು ಮುರಿಯಬಾರದು. ಬೆಂಕಿಯ ನೆರವಿಲ್ಲದೆ ಮಾಡಬಹುದಾದ ತಿನಿಸುಗಳಿಗೆ ಕೊರತೆಯಿಲ್ಲ.

ಕೋಸಂಬರಿ: ಹೆಸರುಬೇಳೆಯನ್ನು ಒಂದು ಗಂಟೆ ಶುದ್ಧ ನೀರಿನಲ್ಲಿ ನೆನೆಸಿ, ಬಸಿದು, ತುರಿದ ಗಜ್ಜರಿ ಅಥವಾ ಸೌತೆಕಾಯಿ, ಕೊಬ್ಬರಿ, ನಿಂಬೆರಸ, ಚಿಟಿಕೆ ಉಪ್ಪು ಬೆರೆಸಿದರೆ ಆಯಿತು. ಮಾಡಿದ ಕೂಡಲೇ ತಿಂದು ಮುಗಿಸಬೇಕು.

ಮೊಳಕೆ ಕಾಳು: ಹೆಸರುಕಾಳು ಅಥವಾ ಮಡಕೆಕಾಳನ್ನು ಸುಮಾರು 8 ಗಂಟೆ ನೆನೆಸಿ, ನೀರು ಬಸಿದು, ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟರೆ 12 ಗಂಟೆಗಳಾಚೆ ಮೊಳಕೆ ಕಾಣುತ್ತದೆ. ಮೊಳಕೆಯಲ್ಲಿ ಸಿ ಜೀವಸತ್ವ ಹೆಚ್ಚುತ್ತದೆ, ಜೀರ್ಣವೂ ಸುಲಭ. ಆದರೆ ಮೊಳಕೆ ಬರುವ ಬೆಚ್ಚನೆಯ ತೇವದಲ್ಲಿಯೇ ರೋಗಾಣುಗಳೂ ಬೆಳೆಯುತ್ತವೆ. ಹಸಿಯಾಗಿ ತಿನ್ನುವುದಕ್ಕಿಂತ ನಿಲಯದ ಅಡುಗೆಮನೆಯಲ್ಲಿ ಐದು ನಿಮಿಷ ಹಬೆಯಲ್ಲಿ ಬೇಯಿಸಿಕೊಳ್ಳುವುದು ಕ್ಷೇಮಕರ. ಲೋಳೆಯಾದ, ಹುಳಿ ವಾಸನೆ ಬಂದ ಮೊಳಕೆಯನ್ನು ಎಸೆಯಬೇಕು.

ಮೊಸರು, ಮಜ್ಜಿಗೆ: ಬೇಸಿಗೆಯ ಸಂಜೆಗೆ ಮಜ್ಜಿಗೆಗಿಂತ ಮಿಗಿಲಾದ ಪಾನೀಯವಿಲ್ಲ. 200 ಮಿ.ಲೀ. ಹಾಲಿನಲ್ಲಿ ಸುಮಾರು 240 ಮಿ.ಗ್ರಾಂ ಕ್ಯಾಲ್ಸಿಯಂ ದೊರೆಯುತ್ತದೆ. ಹಾಲು ಕುಡಿದರೆ ಹೊಟ್ಟೆಯುಬ್ಬರ ಬರುವವರಿಗೂ ಮೊಸರು ಸಾಮಾನ್ಯವಾಗಿ ಒಗ್ಗುತ್ತದೆ.

ಹಣ್ಣುಗಳು

ವರ್ಷವಿಡೀ ಸಿಗುವ ಬಾಳೆಹಣ್ಣು ವಿದ್ಯಾರ್ಥಿಯ ನಿಷ್ಠಾವಂತ ಸಂಗಾತಿ. ಮಧ್ಯಮ ಗಾತ್ರದ ಒಂದು ಹಣ್ಣು ಸುಮಾರು 100 ಕಿಲೋ ಕ್ಯಾಲರಿ ಕೊಡುತ್ತದೆ. ತೊಳೆಯುವ, ಕತ್ತರಿಸುವ ಗೊಡವೆಯಿಲ್ಲ. ಸೀಬೆ ಅಥವಾ ಪೇರಲ ಹಣ್ಣಿನ 100 ಗ್ರಾಂನಲ್ಲಿ 200 ಮಿ.ಗ್ರಾಂ ಆಸುಪಾಸು ಸಿ ಜೀವಸತ್ವವಿದೆ. ದಿನದ ಅಗತ್ಯ ಪುರುಷರಿಗೆ 80, ಮಹಿಳೆಯರಿಗೆ 65 ಮಿ.ಗ್ರಾಂ ಎಂಬುದನ್ನು ಗಮನಿಸಿದರೆ ಒಂದು ಪೇರಲ ಹಣ್ಣು ಎರಡು ದಿನದ ಕೆಲಸ ಮಾಡುತ್ತದೆ. ನೆಲ್ಲಿಕಾಯಿ, ಪಪ್ಪಾಯಿ, ಕಿತ್ತಳೆ, ಸೀತಾಫಲ, ನೇರಳೆ, ಬಾರೆಹಣ್ಣುಗಳನ್ನು ಆಯಾ ಋತುವಿನಲ್ಲಿ ತಿನ್ನಬೇಕು. ದೂರದ ದೇಶದಿಂದ ಬಂದ ದುಬಾರಿ ಹಣ್ಣುಗಳ ಹಂಗು ಬೇಕಿಲ್ಲ. ರಸ ಹಿಂಡಿ ಸಕ್ಕರೆ ಬೆರೆಸುವುದಕ್ಕಿಂತ ಹಣ್ಣನ್ನು ಹಣ್ಣಾಗಿಯೇ ಅಗಿದು ತಿಂದರೆ ನಾರಿನಂಶ ಉಳಿಯುತ್ತದೆ. ರಸ್ತೆಬದಿಯಲ್ಲಿ ಕತ್ತರಿಸಿ ತೆರೆದಿಟ್ಟ ಹಣ್ಣುಗಳಿಂದ ದೂರವಿರಬೇಕು.

ಅಂಗಡಿಯ ಪೊಟ್ಟಣಗಳನ್ನು ಓದುವ ಬಗೆ

ಪೊಟ್ಟಣದ ತಿನಿಸನ್ನು ಎಂದೂ ಮುಟ್ಟಬಾರದೆಂಬ ಕಟ್ಟಪ್ಪಣೆ ನಡೆಯುವಂಥದ್ದಲ್ಲ. ಕೊಳ್ಳುವ ಮುನ್ನ ಹಿಂಬದಿಯನ್ನು ಓದುವ ಅಭ್ಯಾಸವಾದರೂ ಬೆಳೆಯಲಿ. ಪಠ್ಯಪುಸ್ತಕ ಓದಬಲ್ಲವನು ಪೊಟ್ಟಣವನ್ನೂ ಓದಬಲ್ಲ.

1. ಘಟಕಾಂಶಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಮುದ್ರಿಸಿರುತ್ತಾರೆ. ಮೈದಾ, ಸಕ್ಕರೆ, ತಾಳೆ ಎಣ್ಣೆ ಮೊದಲ ಮೂರು ಸ್ಥಾನಗಳಲ್ಲಿದ್ದರೆ ಪೊಟ್ಟಣದ ಮುಂಬದಿಯಲ್ಲಿ ಏನೇ ಬರೆದಿದ್ದರೂ ಒಳಗಿರುವುದು ಮುಖ್ಯವಾಗಿ ಅವೇ.

2. ಉಪ್ಪಿನ ಪ್ರಮಾಣವನ್ನು ಸೋಡಿಯಂ ಎಂದು ನಮೂದಿಸಿರುತ್ತಾರೆ. 400 ಮಿ.ಗ್ರಾಂ ಸೋಡಿಯಂ ಎಂದರೆ ಸರಿಸುಮಾರು 1 ಗ್ರಾಂ ಉಪ್ಪು. 5 ಗ್ರಾಂ ಉಪ್ಪಿನ ಮಿತಿ ಎಂದರೆ 2,000 ಮಿ.ಗ್ರಾಂ ಸೋಡಿಯಂ. ನೂಡಲ್ಸ್, ಸೂಪ್, ಚಿಪ್ಸ್, ಸೇವು ಪೊಟ್ಟಣಗಳಲ್ಲಿ ಈ ಅಂಕಿಯನ್ನು ಹುಡುಕಿ ನೋಡಿರಿ.

3. ಪೌಷ್ಟಿಕಾಂಶದ ಪಟ್ಟಿ ಹಲವು ಸಲ 100 ಗ್ರಾಂಗೆ ಸಂಬಂಧಿಸಿರುತ್ತದೆ. ಕೈಯಲ್ಲಿರುವ ಪೊಟ್ಟಣದ ತೂಕ ಎಷ್ಟೆಂದು ನೋಡಿ ಗುಣಿಸಿಕೊಳ್ಳಬೇಕು.

4. ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಗಳ ಪರವಾನಗಿ ಸಂಖ್ಯೆ, ತಯಾರಿಕೆಯ ದಿನಾಂಕ, ಬಳಕೆಯ ಅವಧಿ ಇವೆಯೇ ಎಂದು ಪರಿಶೀಲಿಸಬೇಕು. ಶಾಕಾಹಾರವಾದರೆ ಹಸಿರು ಗುರುತು ಇರುತ್ತದೆ.

5. ಬಿಸ್ಕತ್ತುಗಳಲ್ಲಿ ‘ಜೀರ್ಣಕಾರಿ’, ‘ಬಹುಧಾನ್ಯ’ ಎಂಬ ಹೆಸರಿದ್ದ ಮಾತ್ರಕ್ಕೆ ಸಕ್ಕರೆ, ಕೊಬ್ಬು ಕಡಿಮೆ ಎಂದಾಗುವುದಿಲ್ಲ. ಪಟ್ಟಿಯೇ ಪ್ರಮಾಣ.

ರಸ್ತೆಬದಿಯ ಮಿರ್ಚಿ, ಬಜ್ಜಿ, ಗೋಬಿಗಳ ವಿಷಯದಲ್ಲಿ ಎಣ್ಣೆಯನ್ನು ನೋಡಬೇಕು. ಮತ್ತೆ ಮತ್ತೆ ಕಾಯಿಸಿ ಕಪ್ಪಾದ, ನೊರೆಯುಕ್ಕುವ, ಹೊಗೆಯಾಡುವ ಎಣ್ಣೆಯಲ್ಲಿ ಹಾನಿಕರ ವಸ್ತುಗಳು ಉಂಟಾಗುತ್ತವೆ. ಮಿರ್ಚಿ ಮಂಡಕ್ಕಿ ನಮ್ಮ ಸೀಮೆಯ ಸಂತೋಷ. ಅದು ವಾರಕ್ಕೊಮ್ಮೆಯ ಸಂತೋಷವಾಗಿಯೇ ಉಳಿಯಲಿ.

ಚಹಾ, ಕಾಫಿ ಮತ್ತು ಇತರ ಪಾನೀಯಗಳು

ಹಸಿವನ್ನು ಚಹಾದಿಂದ ಕೊಲ್ಲುವುದು ನಿಲಯವಾಸಿಗಳಲ್ಲಿ ಕಾಣುವ ಸಾಮಾನ್ಯ ದೋಷ. ಚಹಾ ಹಸಿವನ್ನು ಸ್ವಲ್ಪ ಹೊತ್ತು ಮರೆಸುತ್ತದೆ, ಪೋಷಣೆ ಕೊಡುವುದಿಲ್ಲ. ಅಷ್ಟೇ ಅಲ್ಲದೆ ಚಹಾ, ಕಾಫಿಗಳಲ್ಲಿನ ಒಗರಿನ ಅಂಶಗಳು ಊಟದಲ್ಲಿನ ಕಬ್ಬಿಣಾಂಶ ದೇಹಗತವಾಗದಂತೆ ತಡೆಯುತ್ತವೆ. ಆದ್ದರಿಂದ ಊಟಕ್ಕೂ ಚಹಾಕ್ಕೂ ಕನಿಷ್ಠ ಒಂದು ಗಂಟೆಯ ಅಂತರವಿರಬೇಕು. ದಿನಕ್ಕೆ ಎರಡು ಲೋಟ ಮೀರದಿರಲಿ. ಸಂಜೆ 6ರ ನಂತರ ಬೇಡ.

300 ಮಿ.ಲೀ. ತಂಪು ಪಾನೀಯದಲ್ಲಿ ಸುಮಾರು 30 ಗ್ರಾಂ, ಅಂದರೆ ಆರೇಳು ಚಮಚ ಸಕ್ಕರೆ ಇರುತ್ತದೆ. ಇಡೀ ದಿನದ ಮಿತಿ ಒಂದೇ ಬಾಟಲಿಯಲ್ಲಿ ಮುಗಿಯಿತು. ಪರೀಕ್ಷೆಯ ರಾತ್ರಿ ಎಚ್ಚರವಿರಲೆಂದು ಕುಡಿಯುವ ಶಕ್ತಿವರ್ಧಕ ಪಾನೀಯಗಳಲ್ಲಿ ಸಕ್ಕರೆಯ ಜೊತೆಗೆ ಅಧಿಕ ಪ್ರಮಾಣದ ಕೆಫೀನ್ ಇದ್ದು ಎದೆಬಡಿತ, ನಡುಕ, ನಿದ್ರಾಹೀನತೆಗಳಿಗೆ ದಾರಿಯಾಗುತ್ತದೆ. ನಿದ್ರೆಯಲ್ಲಿಯೇ ಓದಿದ್ದು ಮನಸ್ಸಿನಲ್ಲಿ ನೆಲೆಗೊಳ್ಳುವುದು. ನೀರು, ಮಜ್ಜಿಗೆ, ನಿಂಬೆ ಪಾನಕ, ಎಳನೀರುಗಳೇ ಸಾಕು.

ವಿದ್ಯಾರ್ಥಿನಿಯರು ಮತ್ತು ರಕ್ತಹೀನತೆ

ಈ ಲೇಖನದಲ್ಲಿ ಪಾಲಕರು ಅತ್ಯಂತ ಗಮನವಿಟ್ಟು ಓದಬೇಕಾದ ಭಾಗವಿದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದಲ್ಲಿ 15ರಿಂದ 19 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಶೇ. 59ರಷ್ಟು ಮಂದಿ ರಕ್ತಹೀನತೆಯಿಂದ ಬಳಲುತ್ತಿದ್ದಾರೆ. ಅದೇ ವಯಸ್ಸಿನ ಗಂಡುಮಕ್ಕಳಲ್ಲಿಯೂ ಈ ಪ್ರಮಾಣ ಶೇ. 31. ಅಂದರೆ ಹತ್ತು ಹುಡುಗಿಯರು ಪಂಕ್ತಿಯಲ್ಲಿ ಕುಳಿತರೆ ಅವರಲ್ಲಿ ಆರು ಮಂದಿಯ ಮೈಯಲ್ಲಿ ರಕ್ತದ ಕೊರತೆಯಿದೆ. ಮೆಟ್ಟಿಲು ಹತ್ತಿದರೆ ಏದುಸಿರು, ಸದಾ ಆಯಾಸ, ತಲೆಸುತ್ತು, ಓದಿನಲ್ಲಿ ಮನಸ್ಸು ನಿಲ್ಲದಿರುವುದು ಇದರ ಲಕ್ಷಣಗಳು. ಇಂಥ ಮಗುವನ್ನು ಸೋಮಾರಿ ಎಂದು ಗದರಿದ ತಾಯ್ತಂದೆಯರೂ, ಅಧ್ಯಾಪಕರೂ ಉಂಟು. ಕೊರತೆ ಇರುವುದು ಶ್ರದ್ಧೆಯಲ್ಲಲ್ಲ, ರಕ್ತದಲ್ಲಿ.

ಹೀಮೋಗ್ಲೋಬಿನ್ ಪ್ರಮಾಣ ಪ್ರತಿ ಡೆಸಿಲೀಟರಿಗೆ ಹೆಣ್ಣುಮಕ್ಕಳಲ್ಲಿ 12 ಗ್ರಾಂ, ಪ್ರಾಯಕ್ಕೆ ಬಂದ ಗಂಡುಮಕ್ಕಳಲ್ಲಿ 13 ಗ್ರಾಂಗಿಂತ ಕಡಿಮೆಯಾದರೆ ರಕ್ತಹೀನತೆ ಎನ್ನುತ್ತಾರೆ. ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪರೀಕ್ಷೆ ಮಾಡಿಸಿಕೊಳ್ಳಬಹುದು. ಕೊರತೆ ಖಚಿತವಾದಾಗ ತಿನಿಸು ಒಂದರಿಂದಲೇ ಅದು ನೀಗುವುದಿಲ್ಲ. ವೈದ್ಯರು ಕೊಟ್ಟ ಕಬ್ಬಿಣಾಂಶದ ಮಾತ್ರೆಗಳನ್ನು ಹೇಳಿದಷ್ಟು ಕಾಲ ಸೇವಿಸಬೇಕು. ಬೆಲ್ಲ ತಿಂದರೆ ರಕ್ತ ತುಂಬುತ್ತದೆಂದು ನಂಬಿ ಚಿಕಿತ್ಸೆಯನ್ನು ಮುಂದೂಡಬಾರದು.

ತಿನಿಸಿನ ಮಟ್ಟಿಗೆ ಮಾಡಬಹುದಾದುದು ಇಷ್ಟು: ಕಾಳು, ಎಳ್ಳು, ಗುರೆಳ್ಳು, ಸೊಪ್ಪುಗಳಂಥ ಕಬ್ಬಿಣಾಂಶದ ಪದಾರ್ಥಗಳ ಜೊತೆ ನಿಂಬೆ, ನೆಲ್ಲಿ, ಪೇರಲಗಳಂಥ ಸಿ ಜೀವಸತ್ವದ ಪದಾರ್ಥವೊಂದನ್ನು ಸೇರಿಸುವುದು. ಸಸ್ಯಾಹಾರದಲ್ಲಿನ ಕಬ್ಬಿಣಾಂಶ ಸುಲಭವಾಗಿ ಹೀರಲ್ಪಡುವುದಿಲ್ಲ. ಸಿ ಜೀವಸತ್ವ ಅದಕ್ಕೆ ನೆರವಾಗುತ್ತದೆ. ಉಸುಳಿಗೆ ನಿಂಬೆ ಹಿಂಡುವ ನಮ್ಮ ಮನೆಗಳ ರೂಢಿಯಲ್ಲಿ ಈ ವಿವೇಕ ಅಡಗಿದೆ. ತೆಳ್ಳಗಾಗಬೇಕೆಂಬ ಹಂಬಲದಿಂದ ಉಪವಾಸ ಬೀಳುವ ಹೆಣ್ಣುಮಕ್ಕಳಿಗೆ ತಾಯಂದಿರು ಪ್ರೀತಿಯಿಂದ ತಿಳಿಹೇಳಬೇಕು. ಊಟದ ಬಗ್ಗೆ ಭಯವೇ ಬೆಳೆದಿದ್ದರೆ ವೈದ್ಯರ ಬಳಿ ಕರೆದೊಯ್ಯಲು ಸಂಕೋಚ ಬೇಡ.

ವಾರದ ಒಂದು ಮಾದರಿ

ಸೋಮವಾರ: ಸಂಜೆ ಮಂಡಕ್ಕಿ, ಪುಟಾಣಿ, ಶೇಂಗಾ ಮಿಶ್ರಣ, ರಾತ್ರಿ ಬಾಳೆಹಣ್ಣು.
ಮಂಗಳವಾರ: ಸಂಜೆ ಖಡಕ್ ರೊಟ್ಟಿ, ಗುರೆಳ್ಳು ಚಟ್ನಿ, ಮೊಸರು, ರಾತ್ರಿ ಪೇರಲ.
ಬುಧವಾರ: ಸಂಜೆ ಹಬೆಯಲ್ಲಿ ಬೆಂದ ಮೊಳಕೆ ಹೆಸರುಕಾಳು, ನಿಂಬೆರಸ, ರಾತ್ರಿ ಹಾಲು.
ಗುರುವಾರ: ಸಂಜೆ ಮೊಸರವಲಕ್ಕಿ, ರಾತ್ರಿ ಒಂದು ಹಿಡಿ ಪುಟಾಣಿ.
ಶುಕ್ರವಾರ: ಸಂಜೆ ಮಜ್ಜಿಗೆಯಲ್ಲಿ ಕದಡಿದ ರಾಗಿ ಹುರಿಹಿಟ್ಟು, ಒಂದು ಶೇಂಗಾ ಉಂಡೆ, ರಾತ್ರಿ ಋತುವಿನ ಹಣ್ಣು.
ಶನಿವಾರ: ಸಂಜೆ ಕೋಸಂಬರಿ, ರಾತ್ರಿ ಹಾಲು.
ಭಾನುವಾರ: ಸಂಜೆ ಇಷ್ಟದ ತಿಂಡಿ, ರಾತ್ರಿ ಹಣ್ಣು.

ಸಕ್ಕರೆ ಕಾಯಿಲೆ ಇರುವ, ಅದರಲ್ಲೂ ಇನ್ಸುಲಿನ್ ಪಡೆಯುವ ವಿದ್ಯಾರ್ಥಿಗಳು ವೈದ್ಯರ ಸಲಹೆಯಂತೆ ತಮ್ಮ ಪಟ್ಟಿಯನ್ನು ಮಾಡಿಕೊಳ್ಳಬೇಕು. ಅವರ ಕೋಣೆಯವರಿಗೂ ನಿಲಯಪಾಲಕರಿಗೂ ಈ ಸಂಗತಿ ತಿಳಿದಿರಬೇಕು.

ಶುಚಿತ್ವ ಮತ್ತು ಸಂಗ್ರಹ

ತಿನಿಸುಗಳನ್ನು ಸ್ಟೀಲು ಅಥವಾ ಗಾಜಿನ, ಬಿಗಿಯಾದ ಮುಚ್ಚಳದ ಡಬ್ಬಿಗಳಲ್ಲಿಡಬೇಕು. ಒದ್ದೆ ಕೈಯನ್ನಾಗಲಿ ಚಮಚವನ್ನಾಗಲಿ ಒಳಗೆ ಹಾಕಬಾರದು. ಮುಚ್ಚಳದ ಮೇಲೆ ಮನೆಯಿಂದ ತಂದ ದಿನಾಂಕವನ್ನು ಬರೆದಿಡುವುದು ಒಳ್ಳೆಯ ಪದ್ಧತಿ. ಎಣ್ಣೆಕಾಳುಗಳಿರುವ ಚಟ್ನಿಪುಡಿ, ಉಂಡೆಗಳಿಗೆ ಮುಗ್ಗಲು ವಾಸನೆ ಬಂದರೆ ಬಳಸಬಾರದು. ಒಂದೇ ಸಲ ಮೂರು ತಿಂಗಳಿಗಾಗುವಷ್ಟು ಕಳಿಸುವ ಬದಲು ತಿಂಗಳಿಗೊಮ್ಮೆ ಸ್ವಲ್ಪ ಸ್ವಲ್ಪ ಕಳಿಸುವುದು ಮೇಲು. ಹಾಸಿಗೆಯ ಮೇಲೆ ತಿನ್ನುವುದರಿಂದ ಇರುವೆ, ಜಿರಳೆ, ಇಲಿಗಳಿಗೆ ಆಹ್ವಾನವಿತ್ತಂತೆ. ತಿನ್ನುವ ಮುನ್ನ ಸಾಬೂನಿನಿಂದ ಕೈ ತೊಳೆಯುವುದನ್ನು ಎಷ್ಟು ಸಲ ಹೇಳಿದರೂ ಅಧಿಕವಾಗದು.

ನಿಲಯಪಾಲಕರಲ್ಲಿ ಒಂದು ವಿನಂತಿ

ಸಂಜೆ 5ಕ್ಕೆ ಒಂದು ಬೋಗುಣಿ ಉಸುಳಿ ಕೊಡುವುದು ನಿಲಯಕ್ಕೆ ದೊಡ್ಡ ಹೊರೆಯಲ್ಲ. ಕಡಲೆ, ಹೆಸರು, ಅಲಸಂದಿ, ಮಡಕೆ, ಹುರುಳಿ ಎಂದು ದಿನಕ್ಕೊಂದು ಕಾಳನ್ನು ಹಿಂದಿನ ರಾತ್ರಿ ನೆನೆಸಿದರೆ ಸಾಕು. ಅಡುಗೆಮನೆಯ ಒಂದು ಬದಿಯಲ್ಲಿ ವಿದ್ಯಾರ್ಥಿಗಳು ನೀರು, ಹಾಲು ಕಾಯಿಸಿಕೊಳ್ಳಲು ನಿಗದಿತ ಹೊತ್ತಿನಲ್ಲಿ ಅವಕಾಶ ಕೊಟ್ಟರೆ ಕೋಣೆಗಳಲ್ಲಿ ಕಳ್ಳತನದಿಂದ ಒಲೆ ಹಚ್ಚುವ ಅಪಾಯ ತಪ್ಪುತ್ತದೆ. ಶುದ್ಧ ಕುಡಿಯುವ ನೀರು ಹಗಲಿರುಳೂ ದೊರೆಯುವಂತಿರಬೇಕು. ತಡವಾಗಿ ಪ್ರಯೋಗಾಲಯದಿಂದಲೋ ಆಟದ ಬಯಲಿನಿಂದಲೋ ಬರುವವರಿಗೆ ಒಂದು ತಟ್ಟೆಯನ್ನು ಮುಚ್ಚಿಡುವ ಏರ್ಪಾಡಿರಲಿ.

ಹಂಚಿ ತಿನ್ನುವ ವಿಚಾರ

ಕೊನೆಯದಾಗಿ, ಯಾವ ಪೌಷ್ಟಿಕಾಂಶದ ಪಟ್ಟಿಯಲ್ಲೂ ಬಾರದ ಒಂದು ಸಂಗತಿ. ಒಂದೇ ಕೋಣೆಯಲ್ಲಿರುವ ನಾಲ್ವರಲ್ಲಿ ಮೂವರಿಗೆ ಮನೆಯಿಂದ ಡಬ್ಬಿ ಬರುತ್ತದೆ, ಒಬ್ಬನಿಗೆ ಬರುವುದಿಲ್ಲ. ಆ ಒಬ್ಬನ ಮನೆಯಲ್ಲಿ ಈ ವರ್ಷ ಮಳೆಯಿಲ್ಲದೆ ಶೇಂಗಾ ಕೈಗೆ ಬಂದಿಲ್ಲದಿರಬಹುದು, ತಾಯಿ ಇಲ್ಲದಿರಬಹುದು, ವಿದ್ಯಾರ್ಥಿವೇತನದಲ್ಲಿ ಉಳಿಸಿದ ಹಣವನ್ನು ಅವನೇ ಊರಿಗೆ ಕಳಿಸುತ್ತಿರಬಹುದು. ಉಳಿದವರು ಡಬ್ಬಿ ತೆರೆದಾಗ ‘ನನಗೆ ಹಸಿವಿಲ್ಲ’ ಎಂದು ಹೊರಗೆ ನಡೆಯುವ ಹುಡುಗ ಪ್ರತಿ ನಿಲಯದಲ್ಲಿಯೂ ಇದ್ದಾನೆ. ಹಸಿವಿಗಿಂತ ಹಸಿವನ್ನು ಮುಚ್ಚಿಡುವ ಶ್ರಮ ಅವನನ್ನು ಹೆಚ್ಚು ಬಳಲಿಸುತ್ತದೆ.

ದಾಸೋಹ ಎಂಬ ಮಾತಿಗೆ ವಿದ್ಯಾರ್ಥಿ ಜೀವನದಲ್ಲಿ ಅರ್ಥ ಬರುವುದು ಇಲ್ಲಿ. ಕೊಡುವವನು ಮೇಲು, ಪಡೆಯುವವನು ಕೀಳು ಎಂಬ ಭಾವವಿದ್ದಲ್ಲಿ ಅದು ದಾನವಾದೀತು, ದಾಸೋಹವಾಗದು. ಆದ್ದರಿಂದ ಒಂದು ಸರಳ ಪದ್ಧತಿಯನ್ನು ಸೂಚಿಸಬಹುದು. ಕೋಣೆಗೆ ಒಂದೇ ಡಬ್ಬಿ ಇರಲಿ. ಯಾರ ಮನೆಯಿಂದ ಏನೇ ಬಂದರೂ ಅದರೊಳಗೆ ಸೇರಲಿ. ತೆಗೆದುಕೊಳ್ಳುವಾಗ ಯಾರೂ ಯಾರನ್ನೂ ಕೇಳಬೇಕಾಗಿಲ್ಲ. ತರಲಾಗದವನು ಡಬ್ಬಿ ತೊಳೆದು ಒಣಗಿಸುವ, ಕಾಳು ನೆನೆಸುವ, ಸಂತೆಯಿಂದ ಹಣ್ಣು ತರುವ ಕೆಲಸ ವಹಿಸಿಕೊಳ್ಳಬಹುದು. ಆಗ ಅವನ ಪಾಲು ಅವನ ಕಾಯಕದ ಪಾಲಾಗುತ್ತದೆ, ತಲೆ ತಗ್ಗಿಸಬೇಕಾದ ಪ್ರಮೇಯವಿರದು. ಪಾಲಕರೂ ಡಬ್ಬಿ ತುಂಬುವಾಗ ಮಗನಿಗೆ ಅಥವಾ ಮಗಳಿಗೆ ಎಂದು ಎಣಿಸದೆ ಕೋಣೆಗೆ ಎಂದು ಎಣಿಸಿ ನಾಲ್ಕು ರೊಟ್ಟಿ, ನಾಲ್ಕು ಉಂಡೆ ಹೆಚ್ಚಿಗೆ ಇಡಲಿ.

ಜಾತ್ರೆ, ಹಬ್ಬಗಳ ನಂತರ ಮಕ್ಕಳು ನಿಲಯಕ್ಕೆ ಹಿಂದಿರುಗುವ ದಿನಗಳು ಮತ್ತೆ ಬರುತ್ತವೆ. ಆ ದಿನ ಚೀಲದಲ್ಲಿ ಪುಸ್ತಕಗಳ ಪಕ್ಕಕ್ಕೆ ಒಂದು ಸೇರು ಶೇಂಗಾ, ಒಂದು ಸೇರು ಪುಟಾಣಿ, ಒಂದು ಕಟ್ಟು ಖಡಕ್ ರೊಟ್ಟಿ, ಒಂದು ಡಬ್ಬಿ ಚಟ್ನಿಪುಡಿ ಇರಲಿ. ಬಸ್ಸು ಹೊರಡುವ ಮುನ್ನ ‘ಎಲ್ಲರೂ ಕೂಡಿ ತಿನ್ನಿರಿ’ ಎಂಬ ಮಾತೂ ಅದರೊಡನೆ ಹೋಗಲಿ.



ಕಾರ್ಯದರ್ಶಿ, ಶ್ರೀಮಠ